ಮೊದಲು ಹೇಳಿದವರು

ಆ ವಾರ್ಡಿನಲ್ಲಿ ನಲವತ್ತೆರಡು ಹಾಸಿಗೆ. ಅದರಲ್ಲಿ ತಾವಾಗಿ ಮಗ್ಗುಲು ಹೊರಳಲಾರದವರು ಇಪ್ಪತ್ತೆಂಟು ಜನ. ಪಾಳಿಗೆ ಇಬ್ಬರು ಆಯಾಗಳು. ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರ ಮಗ್ಗುಲು ಬದಲಿಸಬೇಕು ಅಂತ ಗೋಡೆಯ ಮೇಲೆ ಬರೆದಿದೆ. ಇಪ್ಪತ್ತೆಂಟನೆಯವರ ಹತ್ತಿರ ಬರುವಷ್ಟರಲ್ಲಿ ಮೊದಲನೆಯವರ ಹೊತ್ತು ಆಗಿಯೇ ಹೋಗಿರುತ್ತದೆ. ನಡುವೆ ಯಾರದಾದರೂ ಬಟ್ಟೆ ಒದ್ದೆಯಾದರೆ, ಯಾರಾದರೂ ವಾಂತಿ ಮಾಡಿಕೊಂಡರೆ, ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರೆ, ಸರದಿ ಅಲ್ಲಿಗೇ ಮುರಿಯುತ್ತದೆ.

ಒಂದೇ ಮಗ್ಗುಲಲ್ಲಿ ಮಲಗಿದ ಮೈ ಮೊದಲು ಕೆಂಪಾಗುತ್ತದೆ. ಆಮೇಲೆ ನೀರುಗುಳ್ಳೆ. ಆಮೇಲೆ ಚರ್ಮ ಬಿಟ್ಟುಕೊಳ್ಳುತ್ತದೆ. ಸೊಂಟದ ಕೆಳಗೆ ಮುಷ್ಟಿ ಹಿಡಿಸುವಷ್ಟು ಗುಂಡಿ ಬಿದ್ದವರನ್ನು ನಾನು ಅಲ್ಲಿ ಕಣ್ಣಾರೆ ನೋಡಿದ್ದೇನೆ. ಹಾಸಿಗೆ ಹುಣ್ಣು ಅಂತಾರೆ ಅದಕ್ಕೆ. ಪಾರ್ಶ್ವವಾಯು ಹೊಡೆದು ಬಂದವರು ಅದರಿಂದ ಪಾರಾಗಿ, ಈ ಹುಣ್ಣು ಕೊಳೆತು ಸತ್ತದ್ದುಂಟು.

ನನ್ನ ಅಣ್ಣ ಅಲ್ಲಿ ಐದು ತಿಂಗಳಿದ್ದ. ಅವನ ಬೆನ್ನಿನಲ್ಲಿ ಒಂದು ಗುಳ್ಳೆ ಕೂಡ ಏಳಲಿಲ್ಲ. ಅದಕ್ಕೆ ಕಾರಣ ಆ ವಾರ್ಡಿನ ಹಳೇ ಆಯಾ. ಎಲ್ಲರೂ ಅವರನ್ನು ಆಯಮ್ಮ ಅಂತಲೇ ಕರೆಯುವುದು. ಹತ್ತೊಂಬತ್ತು ವರ್ಷದಿಂದ ಗಂಡಸರನ್ನು ಎತ್ತಿ ಹೊರಳಿಸಿ ಅವರ ಮೊಣಕಾಲು ಎರಡೂ ಊದಿಕೊಂಡಿದ್ದವು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಮಗುವಿನ ಹಾಗೆ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರುತ್ತಿದ್ದರು.

ನಾನು ಡಾಕ್ಟರಲ್ಲ, ನರ್ಸಲ್ಲ. ಆಸ್ಪತ್ರೆಗೆ ಅಂಟಿಕೊಂಡಿರುವ ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕಿ. ಹನ್ನೆರಡು ವರ್ಷದ ಗುತ್ತಿಗೆ ಕೆಲಸ. ವರ್ಷಕ್ಕೊಮ್ಮೆ ಒಂದು ಹಾಳೆ ಬರುತ್ತದೆ. ಲೈಬ್ರರಿ ಸಮಿತಿಯ ಅಧ್ಯಕ್ಷರು ಅದಕ್ಕೆ ಸಹಿ ಹಾಕಿದರೆ ಇನ್ನೊಂದು ವರ್ಷ ನನ್ನ ಕುರ್ಚಿ ನನ್ನದು. ಓದುವ ಮಕ್ಕಳ ಪ್ರಬಂಧಗಳಿಗೆ ರೆಫರೆನ್ಸ್ ಜೋಡಿಸಿಕೊಡುವುದು ನನ್ನ ಮುಖ್ಯ ಕೆಲಸ. ಯಾವ ಮಾತನ್ನು ಯಾರು, ಯಾವ ಜರ್ನಲಿನಲ್ಲಿ, ಯಾವ ವರ್ಷ, ಎಷ್ಟನೇ ಪುಟದಲ್ಲಿ ಹೇಳಿದ್ದಾರೆ ಅಂತ ಹುಡುಕಬೇಕು. ಅದನ್ನು ಕಂಪ್ಯೂಟರಿಗೆ ತುಂಬಬೇಕು. ಮಾತಿನ ಪಕ್ಕ ನಂಬರು, ಕೊನೆಯಲ್ಲಿ ನಂಬರಿನ ಪ್ರಕಾರ ಪಟ್ಟಿ. ಹೊಸ ಮಕ್ಕಳು ಸೇರಿದ ಮೊದಲ ವಾರ ಒಂದು ಗಂಟೆ ನನ್ನದೇ ಪಾಠ. "ಇನ್ನೊಬ್ಬರ ಮಾತು ತಗೊಂಡರೆ ಅವರ ಹೆಸರು ಹೇಳಿ. ಹೇಳದೆ ತಗೊಂಡರೆ ಕಳ್ಳತನ. ನಾಳೆ ನೀವು ಬರೆದಿದ್ದನ್ನ ನಂಬಿ ಯಾರೋ ರೋಗಿಗೆ ಸೂಜಿ ಚುಚ್ಚುತ್ತಾರೆ, ಆ ಮಾತು ಎಲ್ಲಿಂದ ಬಂತು ಅಂತ ಗೊತ್ತಿರಬೇಕು," ಅನ್ನುತ್ತಿದ್ದೆ. ಬಾಯಿಪಾಠ ಒಪ್ಪಿಸಿದ್ದಲ್ಲ, ನಂಬಿಯೇ ಹೇಳುತ್ತಿದ್ದೆ.

ಆಯಮ್ಮನ ಮಗಳು ಆ ಕಾಲೇಜಿನಲ್ಲೇ ನರ್ಸಿಂಗ್ ಓದುತ್ತಿದ್ದಳು. ಸಿಬ್ಬಂದಿ ಮಕ್ಕಳಿಗೆ ಅಂತ ಇಟ್ಟಿದ್ದ ಒಂದೇ ಒಂದು ಸೀಟು ಅವಳಿಗೆ ಸಿಕ್ಕಿತ್ತು. ಕೊನೆಯ ವರ್ಷ ಪ್ರಬಂಧ ಬರೆಯಬೇಕಾದಾಗ ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಅಕ್ಕ, ಬಾಯಲ್ಲಿ ಹೇಳಿದ ಮಾತಿಗೆ ರೆಫರೆನ್ಸ್ ಹೇಗೆ ಹಾಕೋದು?"

"ಯಾರು ಹೇಳಿದ್ದು?"

"ನಮ್ಮಮ್ಮ."

ಅವಳ ವಿಷಯ ಹೀಗಿತ್ತು. ಪಾಳಿ ಬದಲಾಗುವ ಹೊತ್ತಿನಲ್ಲಿ, ರೋಗಿ ಯಾವ ಮಗ್ಗುಲಲ್ಲಿ ಎಷ್ಟು ಹೊತ್ತಿಂದ ಮಲಗಿದ್ದಾನೆ ಅನ್ನೋದು ಹೊಸದಾಗಿ ಬಂದವರಿಗೆ ಗೊತ್ತಾಗುವುದಿಲ್ಲ. ಹೋಗುವವರು, ಬಂದವರು ಹೊರಳಿಸ್ತಾರೆ ಅಂದುಕೊಳ್ಳುತ್ತಾರೆ. ಬಂದವರು, ಈಗತಾನೇ ಹೊರಳಿಸಿ ಹೋಗಿರಬೇಕು ಅಂದುಕೊಳ್ಳುತ್ತಾರೆ. ಹುಣ್ಣು ಏಳುವುದು ಆ ನಾಲ್ಕೈದು ಗಂಟೆಯಲ್ಲಿ. ಆಯಮ್ಮನಿಗೆ ಓದು ಬರಹ ಬರುವುದಿಲ್ಲ. ಅವರು ಪಾಠದ ಕೋಣೆಯಿಂದ ಸೀಮೆಸುಣ್ಣದ ತುಂಡು ತಂದು ಮಂಚದ ಕಬ್ಬಿಣದ ಕಾಲಿನ ಮೇಲೆ ಗುರುತು ಹಾಕುತ್ತಿದ್ದರು. ಒಂದು ಗೆರೆ ಅಂದರೆ ಎಡಮಗ್ಗುಲು. ಎರಡು ಗೆರೆ ಬಲಮಗ್ಗುಲು. ಸೊನ್ನೆ ಅಂದರೆ ಬೆನ್ನ ಮೇಲೆ. ಹೊರಳಿಸಿದ ಹಾಗೆ ಹಳೇ ಗುರುತು ಒರೆಸಿ ಹೊಸದು ಬರೆಯಬೇಕು. ಮುಂದಿನ ಪಾಳಿಯವರಿಗೂ ಅದನ್ನೇ ಕಲಿಸಿದ್ದರು.

ಮಗಳು ಮೂರು ತಿಂಗಳು ಕೂತು ಲೆಕ್ಕ ತೆಗೆದಿದ್ದಳು. ಅಮ್ಮನ ವಾರ್ಡಿನಲ್ಲಿ ಐವತ್ತೆಂಟು ರೋಗಿಗಳಲ್ಲಿ ಹೊಸ ಹುಣ್ಣು ಎದ್ದದ್ದು ಮೂವರಿಗೆ. ಗುರುತಿನ ಅಭ್ಯಾಸ ಇಲ್ಲದ ಎದುರಿನ ವಾರ್ಡಿನಲ್ಲಿ ಅರವತ್ತೊಂದು ಜನರಲ್ಲಿ ಹದಿನಾಲ್ಕು ಮಂದಿಗೆ.

ನಾನು ಪುಸ್ತಕದಲ್ಲಿರುವ ಹಾಗೆ ಹೇಳಿದೆ. "ಬಾಯಿಮಾತು ಕೊನೆಯ ಪಟ್ಟಿಗೆ ಸೇರಲ್ಲ, ನಂಬರ್ ಕೊಡೋ ಹಾಗಿಲ್ಲ. ಯಾಕೆಂದರೆ ಓದೋರು ಹೋಗಿ ಹುಡುಕಿದರೆ ಸಿಗಲ್ಲವಲ್ಲ. ಆದರೆ ಬರಹದ ಒಳಗೇ ಇಂಥವರು ಇಂಥ ದಿನ ಖುದ್ದಾಗಿ ಹೇಳಿದರು ಅಂತ ಹೆಸರು ತಾರೀಖು ಹಾಕಬಹುದು. ಅವರ ಒಪ್ಪಿಗೆ ಬೇಕು."

"ಹುಡುಕಿದರೆ ಸಿಗ್ತಾರಕ್ಕ. ದಿನಾ ಆರು ಗಂಟೆಗೆ ವಾರ್ಡಿನಲ್ಲೇ ಇರ್ತಾರೆ," ಅಂದಳು. ಇಬ್ಬರೂ ನಕ್ಕೆವು.

ಒಪ್ಪಿಗೆ ಕೇಳಲು ನಾನೂ ಜೊತೆಗೆ ಹೋದೆ. ಆಯಮ್ಮ ಒಬ್ಬ ಭಾರಿ ಆಳನ್ನು ಹೊರಳಿಸುತ್ತಿದ್ದರು. ಅವರ ಪಾಳಿಯ ಜೋಡಿ, ಅಗಲ ಭುಜದ ಇನ್ನೊಬ್ಬ ಆಯಾ, ಆ ಕಡೆಯಿಂದ ಬೆಡ್‌ಶೀಟು ಎಳೆದು ಹಿಡಿದಿದ್ದರು.

"ನಿಮ್ಮ ಹೆಸರು ಪ್ರಬಂಧದಲ್ಲಿ ಹಾಕ್ತೀವಿ ಆಯಮ್ಮ, ಆಗಬಹುದಾ?" ಅಂದೆ.

"ಯಾತಕ್ಕೆ ತಂಗಿ, ನಾನೇನು ತಪ್ಪು ಮಾಡಿದೆ?"

"ತಪ್ಪಲ್ಲ. ಗೆರೆ ಎಳೆಯೋದು ನೀವು ಹೇಳಿಕೊಟ್ಟಿದ್ದು ಅಂತ."

ಅವರು ಬೆವರು ಒರೆಸಿಕೊಂಡು ನಕ್ಕರು. "ಗೆರೆ ಎಳೆಯೋದಕ್ಕೂ ಹೆಸರು ಬೇಕಾ? ಹಾಕ್ಕೊಳ್ಳಿ. ಇಲ್ಲಿವರೆಗೂ ನನ್ನ ಹೆಸರು ಬರೆದಿರೋದು ಮೆಮೋದಲ್ಲಿ ಮಾತ್ರ."

ಜೋಡಿ ಆಯಾ, "ನನ್ನ ಹೆಸರೂ ಹಾಕು, ಒರೆಸೋಳು ಅಂತ," ಅಂದರು.

ಹುಡುಗಿಯ ಮಾರ್ಗದರ್ಶಕರು ನಮ್ಮ ಹಿರಿಯ ಪ್ರಾಧ್ಯಾಪಕರು. ಮೆತ್ತಗೆ ಮಾತಾಡುವ ಮನುಷ್ಯ. ಏನು ಕೇಳಿದರೂ 'ನೋಡೋಣ' ಅನ್ನುವುದರಿಂದ ಮಕ್ಕಳು ಅವರಿಗೆ ನೋಡೋಣ ಸರ್ ಅಂತಲೇ ಹೆಸರಿಟ್ಟಿದ್ದರು. ಲೈಬ್ರರಿ ಸಮಿತಿಯ ಅಧ್ಯಕ್ಷರೂ ಅವರೇ. ನನ್ನ ವರ್ಷದ ಹಾಳೆಗೆ ಸಹಿ ಬೀಳುವುದು ಅವರ ಪೆನ್ನಿನಿಂದ.

ಮೊದಲ ಕರಡನ್ನು ನೋಡಿ ಅವರು ಅಮ್ಮನ ಹೆಸರಿದ್ದ ಸಾಲಿನ ಮೇಲೆ ಕೆಂಪು ಶಾಯಿ ಎಳೆದರು. ಹುಡುಗಿ ಹಾಳೆ ಹಿಡಿದುಕೊಂಡು ಬಂದಳು.

"ಆಯಾ ಹೇಳಿದಳು ಅಂತ ಸಂಶೋಧನೆಯಲ್ಲಿ ಬರೆಯೋಕಾಗಲ್ಲ ಅಂದರು. ಇದು ಯಾವುದಾದರೂ ಜರ್ನಲಿನಲ್ಲಿ ಬಂದಿರುತ್ತೆ, ಸರಿಯಾದ ಮೂಲ ಹುಡುಕಿ ತಾ ಅಂದರು."

ಹುಡುಕಲು ಕೂತೆವು. ಮೂರು ವಾರ. ಹಾಸಿಗೆ ಹುಣ್ಣಿನ ಬಗ್ಗೆ ಸಾವಿರಾರು ಲೇಖನ. ಗಾಳಿ ತುಂಬಿದ ಹಾಸಿಗೆ, ಮುಲಾಮು, ಗಂಟೆ ಬಾರಿಸುವ ಯಂತ್ರ, ಎಲ್ಲದರ ಬಗ್ಗೆಯೂ ಇತ್ತು. ಪಾಳಿ ಬದಲಾಗುವ ಹೊತ್ತಿನ ಮರೆವಿನ ಬಗ್ಗೆ ನಮಗೆ ಏನೂ ಸಿಗಲಿಲ್ಲ. ಮಂಚದ ಕಾಲಿಗೆ ಗುರುತು ಹಾಕುವ ಬಗ್ಗೆ ಒಂದು ಸಾಲೂ ಇಲ್ಲ. ಹತ್ತಿರದ ವಿಷಯದ ಮೂವತ್ತೆರಡು ಲೇಖನ ಆರಿಸಿ ಅವಳ ಫೈಲಿಗೆ ನಾನೇ ತುಂಬಿದೆ.

ಆಮೇಲೆ ನಾನು ಮಾಡಿದ ಕೆಲಸ ಹೇಳಿಬಿಡುತ್ತೇನೆ. ಹುಡುಗಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ನೋಡೋಣ ಸರ್ ಲೈಬ್ರರಿಗೆ ಬಂದಾಗ ನಾನಾಗಿಯೇ ಎದ್ದು ಹೋಗಿ ಹೇಳಿದೆ.

"ಸರ್, ಆ ಹುಡುಗಿಯ ವಿಷಯಕ್ಕೆ ಮೂಲ ಎಲ್ಲೂ ಇಲ್ಲ. ಎಲ್ಲಾ ಕಡೆ ಹುಡುಕಿದ್ದೀನಿ. ಇದನ್ನ ಇದುವರೆಗೆ ಯಾರೂ ಬರೆದೇ ಇಲ್ಲ."

ಅವರು ಕನ್ನಡಕ ತೆಗೆದರು. "ಖಂಡಿತಾ?"

"ಖಂಡಿತಾ ಸರ್."

"ನೀವು ಹುಡುಕಿದ ರೆಫರೆನ್ಸ್ ಫೈಲ್ ನನಗೂ ಕಳಿಸಿ. ನೋಡೋಣ."

ಅವತ್ತೇ ಕಳಿಸಿದೆ. ಹುಡುಗಿಯ ಪುಣ್ಯ, ಸರ್ ಮುತುವರ್ಜಿ ವಹಿಸಿದ್ದಾರೆ ಅಂದುಕೊಂಡೆ.

ಪ್ರಬಂಧ ಅವರ ಮೇಜಿನ ಮೇಲೆ ಏಳು ತಿಂಗಳು ಕೂತಿತು. ಹುಡುಗಿ ವಾರಕ್ಕೊಮ್ಮೆ ಹೋಗಿ ಬಾಗಿಲಲ್ಲಿ ನಿಲ್ಲುವಳು. "ನೋಡ್ತಿದ್ದೀನಮ್ಮ. ಅವಸರದ ಕೆಲಸ ಅಲ್ಲ ಇದು." ಜೊತೆಯವರೆಲ್ಲ ಸಲ್ಲಿಸಿ ಆಯಿತು. ಇವಳಿಗೆ ಮಾತ್ರ ಗಡುವು ಮುಂದೂಡಿ ಮುಂದೂಡಿ ಬರುತ್ತಿತ್ತು. ಅದಕ್ಕೂ ಅವಳು ಥ್ಯಾಂಕ್ಸ್ ಹೇಳಿ ಬರುತ್ತಿದ್ದಳು.

ಕೊನೆಗೆ ಒಂದು ಸೋಮವಾರ ಪ್ರಬಂಧ ಕೈಗೆ ಬಂತು. ಅಲ್ಲಲ್ಲಿ ಒಂದೆರಡು ಕಾಗುಣಿತ ತಿದ್ದಿದ್ದು ಬಿಟ್ಟರೆ ಏನೂ ಬದಲಾಗಿರಲಿಲ್ಲ. ಸಲ್ಲಿಸುವ ಮೊದಲು ಪ್ರತಿ ಪ್ರಬಂಧವನ್ನೂ ಕಂಪ್ಯೂಟರಿನಲ್ಲಿ ಹೋಲಿಕೆ ತಪಾಸಣೆಗೆ ಹಾಕಬೇಕು. ಬೇರೆ ಬರಹದಿಂದ ಎಷ್ಟು ಎತ್ತಿದ್ದಾರೆ ಅಂತ ಅದು ತೋರಿಸುತ್ತದೆ. ಅದೂ ನನ್ನದೇ ಕೆಲಸ. ನೂರಕ್ಕೆ ಹತ್ತು ದಾಟಬಾರದು. ಇವಳದು ಅರವತ್ತೊಂದು ಬಂತು.

ಯಂತ್ರ ಕೆಟ್ಟಿದೆ ಅಂದುಕೊಂಡು ಇನ್ನೊಮ್ಮೆ ಹಾಕಿದೆ. ಅರವತ್ತೊಂದೇ. ಹುಡುಗಿ ನನ್ನ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಪುಟ ಪುಟವೂ ಕೆಂಪು ಬಣ್ಣ ಬಳಿದುಕೊಂಡು ತೆರೆದುಕೊಂಡಿತು. ಎಲ್ಲಿಂದ ಎತ್ತಿದ್ದು ಅಂತ ಬಲಗಡೆ ತೋರಿಸುತ್ತಿತ್ತು. ಒಂದೇ ಮೂಲ. ಎರಡು ತಿಂಗಳ ಹಿಂದೆ ಒಂದು ದೊಡ್ಡ ಜರ್ನಲಿನಲ್ಲಿ ಬಂದ ಲೇಖನ. 'ಪಾಳಿ-ಸಂಕೇತ ಪದ್ಧತಿ: ಹಾಸಿಗೆ ಹುಣ್ಣು ತಡೆಗೆ ಒಂದು ಹೊಸ ವಿಧಾನ.' ಬರೆದವರು ನೋಡೋಣ ಸರ್.

ಐವತ್ತೆಂಟರಲ್ಲಿ ಮೂವರು. ಅರವತ್ತೊಂದರಲ್ಲಿ ಹದಿನಾಲ್ಕು. ಒಂದು ಗೆರೆ, ಎರಡು ಗೆರೆ, ಸೊನ್ನೆ.

"ಅಕ್ಕ, ಇದು ನನ್ನದಲ್ಲವಾ?" ಅಂದಳು. ಅನುಮಾನ ಬಂದವಳ ಹಾಗೆ ಕೇಳಿದಳು. ನಿಜವಾಗಿಯೂ ನಾನು ಹೇಳಲಿ ಅಂತ ಕಾಯುತ್ತಿದ್ದಳು.

"ನಿನ್ನದೇ ಕಣಮ್ಮ."

ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಮಾಹಿತಿ ಸಂಗ್ರಹಕ್ಕೆ ನೆರವಾದ ವಿದ್ಯಾರ್ಥಿಗಳಿಗೆ ಕೃತಜ್ಞತೆ. ಅಷ್ಟೇ. ಅವಳು ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಎದ್ದು ನೀರು ಕುಡಿದು ಬರುತ್ತೇನೆ ಅಂತ ಹೋದವಳು ಆ ದಿನ ತಿರುಗಿ ಬರಲಿಲ್ಲ.

ನಾನು ಲೇಖನದ ರೆಫರೆನ್ಸ್ ಪಟ್ಟಿ ತೆಗೆದು ನೋಡಿದೆ. ನಾನು ಆರಿಸಿದ ಮೂವತ್ತೆರಡು, ನಾನು ಜೋಡಿಸಿದ ಅನುಕ್ರಮದಲ್ಲೇ. ಹತ್ತೊಂಬತ್ತನೆಯದರಲ್ಲಿ ಇನ್ನೂರ ಹದಿನಾಲ್ಕನೇ ಪುಟ ಅಂತಿರಬೇಕಾದ ಕಡೆ ನಾನು ಅವಸರದಲ್ಲಿ ಇನ್ನೂರ ನಲವತ್ತೊಂದು ಅಂತ ಹೊಡೆದಿದ್ದೆ. ಹುಡುಗಿಯ ಪ್ರತಿಯಲ್ಲಿ ಆಮೇಲೆ ತಿದ್ದಿದ್ದೆ. ಅಚ್ಚಾದ ಲೇಖನದಲ್ಲಿ ಇನ್ನೂರ ನಲವತ್ತೊಂದೇ ಇತ್ತು. ಮೂಲವನ್ನು ಒಮ್ಮೆ ತೆರೆದು ನೋಡಿದ್ದರೂ ಆ ತಪ್ಪು ಉಳಿಯುತ್ತಿರಲಿಲ್ಲ. ಅಂದರೆ ಅವರು ಒಂದನ್ನೂ ಓದಿರಲಿಲ್ಲ. ನನ್ನ ಎದೆಗೆ ಧೈರ್ಯ ಬಂತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ ಅಂದುಕೊಂಡೆ.

ಕಾಪಿ ಹೊಡೆದಿದ್ದಾಳೆ ಅಂತ ಹುಡುಗಿಯ ಮೇಲೆ ವಿಚಾರಣೆ ಕೂತಿತು. ಪ್ರಿನ್ಸಿಪಾಲ್ ಮೇಡಂ, ಇಬ್ಬರು ಡಾಕ್ಟರು, ಪಕ್ಕದಲ್ಲಿ ನೋಡೋಣ ಸರ್. ಹುಡುಗಿ ವಾರ್ಡಿನ ನೋಟ್‌ಬುಕ್ ತಂದಿದ್ದಳು. ಮೂರು ತಿಂಗಳ ದಿನದಿನದ ಲೆಕ್ಕ, ಅವಳದೇ ಕೈಬರಹ.

ಮೇಡಂ ಪುಟ ತಿರುವಿದರು. "ಈ ಅಧ್ಯಯನಕ್ಕೆ ಅನುಮತಿ ಪತ್ರ ಯಾರ ಹೆಸರಲ್ಲಿದೆ?"

"ಸರ್ ಹೆಸರಲ್ಲಿ. ವಿದ್ಯಾರ್ಥಿಗಳ ಹೆಸರಲ್ಲಿ ಕೊಡಲ್ಲ ಅಂದಿದ್ದರು ಮೇಡಂ."

"ಹಾಗಾದರೆ ಅವರ ಅಧ್ಯಯನಕ್ಕೆ ನೀನು ಲೆಕ್ಕ ಬರೆದುಕೊಟ್ಟಿದ್ದೀಯ. ಅದನ್ನೇ ಈ ನೋಟ್‌ಬುಕ್ ಹೇಳುತ್ತೆ."

"ವಿಷಯ ನಂದು ಮೇಡಂ. ನಮ್ಮಮ್ಮ ಹೇಳಿದ್ದು."

"ಅದು ಎಲ್ಲಿ ಬರೆದಿದೆ?"

ಮೊದಲ ಕರಡಿನಲ್ಲಿ ಬರೆದಿತ್ತು, ಅದರ ಮೇಲೆ ಕೆಂಪು ಗೆರೆ ಬಿದ್ದಿತ್ತು. ಕೆಂಪು ಗೆರೆಯ ಆ ಪ್ರತಿಯನ್ನು ಹೊಸದರ ಜೊತೆ ಸರ್ ವಾಪಸ್ ಇಸ್ಕೊಂಡಿದ್ದರು. ಇಂಥ ಹಳೇ ಕರಡು ನಾನು ಇಟ್ಟುಕೊಳ್ಳುವುದಿಲ್ಲ ಅಂದರು ಅವರು, ಮೆತ್ತಗೆ. ಲೈಬ್ರರಿಯ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳ ಹಳೇ ಕರಡುಗಳನ್ನು ಪ್ರತಿ ಸೆಮಿಸ್ಟರ್ ಕೊನೆಗೆ ಅಳಿಸಬೇಕು ಅಂತ ನಿಯಮ. ಅಳಿಸಿದವಳು ನಾನೇ.

ನನ್ನನ್ನು ಒಳಗೆ ಕರೆದರು. ಎರಡೂ ಪಟ್ಟಿ ಮುಂದಿಟ್ಟು ಹತ್ತೊಂಬತ್ತನೇ ಸಾಲು ತೋರಿಸಿದೆ. ಒಂದೂ ಬಿಡದೆ ಹೇಳಿದೆ. ಡಾಕ್ಟರೊಬ್ಬರು ಬಗ್ಗಿ ನೋಡಿ ಹುಬ್ಬೇರಿಸಿದರು.

ಮೇಡಂ ಕೇಳಿದರು. "ಈ ತಪ್ಪು ಮಾಡಿದ್ದು ಯಾರು?"

"ನಾನು ಮೇಡಂ."

"ಫೈಲನ್ನ ಸರ್‌ಗೆ ಕಳಿಸಿದ್ದು?"

"ನಾನೇ. ಅವರು ಕೇಳಿದ್ದರು."

"ಪ್ರಾಧ್ಯಾಪಕರು ಲೈಬ್ರರಿಯ ನೆರವು ತಗೊಳ್ಳೋದರಲ್ಲಿ ತಪ್ಪೇನಿದೆ? ನೀವು ತಪ್ಪು ಪುಟ ಹಾಕಿಕೊಟ್ಟಿದ್ದಕ್ಕೆ ದೊಡ್ಡ ಜರ್ನಲಿನಲ್ಲಿ ನಮ್ಮ ಸಂಸ್ಥೆಯ ಲೇಖನದಲ್ಲಿ ತಪ್ಪು ಅಚ್ಚಾಗಿದೆ. ಇದನ್ನ ಸಾಕ್ಷಿ ಅಂತ ಹೊತ್ತುಕೊಂಡು ಬಂದಿದ್ದೀರಿ."

ನೋಡೋಣ ಸರ್ ಕೈ ಅಡ್ಡ ತೋರಿಸಿದರು. "ಹೋಗಲಿ ಬಿಡಿ ಮೇಡಂ. ಪಾಪ, ಕೆಲಸದ ಒತ್ತಡ. ಈ ಹುಡುಗೀನೂ ಅಷ್ಟೇ, ಬುದ್ಧಿವಂತೆ. ನನ್ನ ವಿದ್ಯಾರ್ಥಿನಿ. ಅವಳ ಭವಿಷ್ಯ ಹಾಳಾಗೋದು ನನಗೆ ಇಷ್ಟ ಇಲ್ಲ. ನನ್ನ ಲೇಖನವನ್ನ ಎಲ್ಲೆಲ್ಲಿ ಬಳಸಿದ್ದಾಳೋ ಅಲ್ಲೆಲ್ಲ ರೆಫರೆನ್ಸ್ ಹಾಕಿ, ವಾಕ್ಯ ಬದಲಿಸಿ ಕೊಡಲಿ. ಪಾಸು ಮಾಡೋಣ."

ಅವರ ದೊಡ್ಡ ಮನಸ್ಸನ್ನು ಮೇಡಂ ಹೊಗಳಿದರು. ಒಪ್ಪದಿದ್ದರೆ ಎರಡು ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ, ಸಿಬ್ಬಂದಿ ಮಕ್ಕಳ ಸೀಟೂ ಇಲ್ಲ. ಯೋಚಿಸಲು ಒಂದು ದಿನ ಕೊಟ್ಟರು. ನನಗೆ ಒಂದು ಮೆಮೋ ಕೊಟ್ಟರು. ರೆಫರೆನ್ಸ್ ಕೆಲಸದಲ್ಲಿ ಅಜಾಗರೂಕತೆ.

ಆ ಸಂಜೆ ಅವರ ಮನೆಗೆ ಹೋದೆ. ಎರಡು ಕೋಣೆ. ಆಯಮ್ಮ ಗೋಡೆಗೊರಗಿ ಕಾಲು ಚಾಚಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಮೊಣಕಾಲಿನ ಮೇಲೆ ಹಾಕಿಕೊಂಡು ಕೂತಿದ್ದರು. ಮಗಳು ಮೂಲೆಯಲ್ಲಿ ಮೊಣಕಾಲಿಗೆ ಗಲ್ಲ ಊರಿದ್ದಳು.

"ನಾನು ಬರೆದಿದ್ದಕ್ಕೆ ನಾನೇ ಅವರ ಹೆಸರು ಹಾಕಬೇಕಂತೆ," ಅಂದಳು, ನನ್ನನ್ನು ನೋಡದೆ. "ನೀವೇ ಪಾಠ ಮಾಡಿದ್ರಿ ಅಕ್ಕ. ಹೆಸರು ಹೇಳದೆ ತಗೊಂಡರೆ ಕಳ್ಳತನ ಅಂತ. ಈಗ ಕಳ್ಳಿ ಯಾರು?"

ಕೊನೆಗೆ ಇಷ್ಟೇ ಹೇಳಲು ಆಯಿತು. "ಯಾರೂ ಬರೆದಿಲ್ಲ ಅಂತ ಅವರಿಗೆ ಹೇಳಿದ್ದು ನಾನೇ. ಫೈಲ್ ಕೊಟ್ಟಿದ್ದೂ ನಾನೇ."

ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಆಯಮ್ಮ ಬಟ್ಟೆ ಹಿಂಡಿ ಮತ್ತೆ ಬಿಸಿನೀರಲ್ಲಿ ಅದ್ದಿದರು. "ನೀನು ಕೊಡದಿದ್ದರೆ ಇನ್ನೊಬ್ಬರ ಕೈಲಿ ಇಸ್ಕೊತಿದ್ದರು ತಂಗಿ. ಅಳಬೇಡ." ಆಮೇಲೆ ಮಗಳ ಕಡೆ ತಿರುಗಿ, "ಹಾಕು ಅವರ ಹೆಸರು," ಅಂದರು.

"ಅಮ್ಮ, ಅದು ನಿಂದು."

"ನಂದೇ. ಹಾಕಿದ ತಕ್ಷಣ ನನ್ನ ಕೈ ಗೆರೆ ಎಳೆಯೋದು ಮರೆತುಬಿಡುತ್ತಾ? ಮುಂದಿನ ವರ್ಷ ನನ್ನನ್ನ ಕೆಲಸದಿಂದ ಬಿಡಿಸ್ತಾರೆ. ಈ ಕಾಲಲ್ಲಿ ಇನ್ನೆಷ್ಟು ದಿನ ಎತ್ತಲಿ? ನೀನು ನರ್ಸಾಗಬೇಕು. ನಾಲ್ಕು ವರ್ಷ ಓದಿ ಮತ್ತೆ ನನ್ನ ಪಕ್ಕ ಬಂದು ಬೆಡ್‌ಶೀಟು ಎಳೀತೀಯಾ?"

"ಎಳೀತೀನಿ."

"ಬಾಯಿ ಮುಚ್ಚು." ಅವರ ದನಿ ಮೊದಲ ಸಲ ಗಡುಸಾಯಿತು. ಬಟ್ಟೆಯನ್ನು ಮತ್ತೆ ಮೊಣಕಾಲಿನ ಮೇಲೆ ಹಾಕಿಕೊಂಡರು. ಆಮೇಲೆ ಅವರೇ ಮೆಲ್ಲಗೆ ಕೇಳಿದರು. "ಆ ಮೂವರಿಗೆ ಹುಣ್ಣು ಎದ್ದಿತ್ತಲ್ಲ, ಅದನ್ನೂ ಬರೆದುಕೊಂಡಿದ್ದಾರಾ ಅವರು?"

"ಹೂಂ."

"ಅದರಲ್ಲಿ ಒಬ್ಬ ಆ ಬಡಗಿ. ನನಗೆ ಜ್ವರ ಬಂದು ಎರಡು ದಿನ ಹೋಗಿರಲಿಲ್ಲ. ಅದಕ್ಕೇ ಅವನಿಗೆ ಎದ್ದಿತು. ಅವರಿಗೆ ಗೊತ್ತಿದೆಯಾ ಅದು?"



ಮರುದಿನ ಹುಡುಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ರೆಫರೆನ್ಸ್ ಸೇರಿಸುವುದು ನನ್ನ ಕೆಲಸ. ಅವರ ಲೇಖನವನ್ನು ಫೈಲಿಗೆ ಒಂದು ಸಲ ತುಂಬಿದರೆ ಸಾಕು, ಬೇಕಾದ ಕಡೆಯೆಲ್ಲ ಒತ್ತಿದರೆ ನಂಬರು ತಾನಾಗಿ ಬಂದು ಕೂರುತ್ತದೆ. ಹನ್ನೊಂದು ಕಡೆ ಒತ್ತಿದೆ. ಪ್ರಬಂಧದ ಮೊದಲ ಪುಟದಲ್ಲೇ ಮೊದಲು ಬಂದಿದ್ದರಿಂದ ಪಟ್ಟಿಯಲ್ಲಿ ಅವರಿಗೆ ಒಂದನೇ ನಂಬರು ಸಿಕ್ಕಿತು. ಉಳಿದ ಮೂವತ್ತೆರಡೂ ಒಂದೊಂದು ಮೆಟ್ಟಿಲು ಕೆಳಗಿಳಿದವು. ತಪಾಸಣೆಗೆ ಮತ್ತೆ ಹಾಕಿದೆ. ಏಳು ಬಂತು. ಹುಡುಗಿ ಪಕ್ಕದಲ್ಲೇ ನಿಂತಿದ್ದಳು. "ಆಯ್ತಾ ಅಕ್ಕ?" ಅಂದಳು. "ಆಯ್ತು," ಅಂದೆ.

ಅವಳು ಪಾಸಾದಳು. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿಕೊಂಡಳು, ಆರು ತಿಂಗಳ ಪ್ರೊಬೇಷನ್ ಮೇಲೆ. ನೋಡೋಣ ಸರ್‌ಗೆ ಎಲ್ಲೋ ಸನ್ಮಾನ ಆಯಿತು. ನನ್ನ ವರ್ಷದ ಹಾಳೆಗೆ ಅವರು ಸಹಿ ಹಾಕಿದರು. ಹಾಕುವಾಗ, "ಪುಟದ ಸಂಖ್ಯೆ ನೋಡಿಕೊಳ್ಳಿ ಇನ್ನು ಮೇಲೆ," ಅಂದರು. ನಾನು "ಸರಿ ಸರ್" ಅಂದೆ. ಇದನ್ನು ಬಚ್ಚಿಟ್ಟುಕೊಂಡು ಏನು ಮಾಡಲಿ, ಅಂದೆ.

ಪಾಳಿ-ಸಂಕೇತ ಪದ್ಧತಿಯನ್ನು ಎಲ್ಲ ವಾರ್ಡುಗಳಲ್ಲೂ ತರಬೇಕು ಅಂತ ಆದೇಶ ಹೊರಟಿತು. ಸೀಮೆಸುಣ್ಣ ಕೊಳಕು ಅಂತ ಬಣ್ಣದ ಕಾರ್ಡುಗಳನ್ನು ಮಾಡಿಸಿದರು. ಕಾರ್ಡಿನ ಮೇಲೆ ಎಡ, ಬಲ ಅಂತ ಅಕ್ಷರದಲ್ಲಿ ಬರೆದಿತ್ತು. ಆಯಾಗಳಿಗೆ ಕಲಿಸಲು ಒಂದು ಗುರುವಾರ ಮೇಲಿನ ಹಾಲಿನಲ್ಲಿ ತರಬೇತಿ. ಮೇಲೆ ಹೋಗುವ ಲಿಫ್ಟು ರೋಗಿಗಳಿಗೆ ಮಾತ್ರ. ಆಯಮ್ಮ ಎರಡು ಮಹಡಿ ಕಂಬಿ ಹಿಡಿದು ಹತ್ತಿದರು. ಹಾಳೆ ಹಂಚಲು, ಕುರ್ಚಿ ಜೋಡಿಸಲು ನನ್ನನ್ನೂ ಕರೆಸಿದ್ದರು.

ಸರ್ ಅರ್ಧ ಗಂಟೆ ಪರದೆಯ ಮೇಲೆ ಚಿತ್ರ ತೋರಿಸಿದರು. ಪಾಳಿ ಬದಲಾಗುವಾಗ ಏನಾಗುತ್ತದೆ, ಬಂದವರು ಏನಂದುಕೊಳ್ಳುತ್ತಾರೆ, ಹೋಗುವವರು ಏನಂದುಕೊಳ್ಳುತ್ತಾರೆ. ಆಯಮ್ಮ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತು ಕೇಳಿದರು.

ಮುಗಿದ ಮೇಲೆ, "ಏನಾದರೂ ಕೇಳೋದಿದೆಯಾ?" ಅಂದರು ಸರ್.

ಜೋಡಿ ಆಯಾ ಎದ್ದು ನಿಂತರು. "ಕೇಳೋದಲ್ಲ ಸಾರ್, ಹೇಳೋದಿದೆ. ಇದನ್ನ ನಮ್ಮ ಆಯಮ್ಮ ನನಗೆ ಕಲಿಸಿ ಹತ್ತು ವರ್ಷ ಆಯ್ತು. ನೀವು ನಮ್ಮ ವಾರ್ಡಿಗೆ ಬಂದು ನೋಡೇ ಇಲ್ಲ."

ಹಾಲಿನಲ್ಲಿ ಗುಜುಗುಜು ಎದ್ದಿತು. ಆಯಾಗಳೆಲ್ಲ ಹಿಂದೆ ತಿರುಗಿ ಆಯಮ್ಮನನ್ನು ನೋಡಿದರು. ಸರ್ ನಕ್ಕರು. "ಒಳ್ಳೇದು. ನಿಮಗೆಲ್ಲ ಅಭ್ಯಾಸದಿಂದ ಬಂದಿದ್ದನ್ನ ನಾವು ವೈಜ್ಞಾನಿಕ ಮಾಡಿದ್ದೀವಿ. ಈಗ ಎಲ್ಲರೂ ಹೆಬ್ಬೆಟ್ಟು ಒತ್ತಿ ಹೊರಡಿ. ಒತ್ತದವರನ್ನ ತರಬೇತಿ ಇಲ್ಲದವರು ಅಂತ ಲೆಕ್ಕ ಹಾಕ್ತೀವಿ, ರೋಗಿಯನ್ನ ಮುಟ್ಟೋ ಹಾಗಿಲ್ಲ."

ಜೋಡಿ ಆಯಾ ಸಾಲಿಗೆ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿ ಹೋದರು. ಸೋಮವಾರದಿಂದ ಅವರನ್ನು ಬಟ್ಟೆ ಒಗೆಯುವ ಕಡೆಗೆ ಹಾಕಿದರು. ಉಳಿದವರು ಬಾಗಿಲ ಕಡೆಗೊಮ್ಮೆ, ಮೇಜಿನ ಕಡೆಗೊಮ್ಮೆ ನೋಡಿ, ಒಬ್ಬರ ಹಿಂದೆ ಒಬ್ಬರು ನಿಂತರು.

ಮೇಜಿನ ಹಿಂದೆ ಶಾಯಿ ಡಬ್ಬಿ ಇಟ್ಟುಕೊಂಡು ಹೆಬ್ಬೆಟ್ಟು ಒತ್ತಿಸಲು ಹೊಸ ನರ್ಸನ್ನು ಕೂರಿಸಿದ್ದರು. ಆಯಮ್ಮನ ಮಗಳು. ಬಿಳಿ ಸಮವಸ್ತ್ರ ಅವಳಿಗೆ ಚೆನ್ನಾಗಿ ಒಪ್ಪಿತ್ತು. ಅವಳು ತಲೆ ಎತ್ತದೆ ಒಬ್ಬೊಬ್ಬರ ಬೆರಳು ಹಿಡಿಯುತ್ತಿದ್ದಳು.

ಆಯಮ್ಮನ ಸರದಿ ಬಂತು. ಅವರು ಮೇಜಿಗೆ ಕೈಯೂರಿ ಭಾರ ಇಳಿಸಿದರು.

"ಏನು ಬರೆದಿದೆ ಓದು."

ಮಗಳು ಓದಿದಳು. ದನಿ ತೀರ ಸಣ್ಣದಾಗಿತ್ತು. "ರೋಗಿಯ ಮಗ್ಗುಲು ಗುರುತಿಸುವ ಪದ್ಧತಿಯನ್ನು ನಾನು ಈ ದಿನ ಕಲಿತಿದ್ದೇನೆ."

"ಯಾರು ಕಲಿಸಿದ್ದು ಅಂತ ಬರೆಯೋಕೆ ಜಾಗ ಇದೆಯಾ?"

"ಇದೆ ಅಮ್ಮ."

"ನಿನ್ನ ಕೈಲಿ ಪೆನ್ನಿದೆಯಲ್ಲ."

ಮಗಳು ಹಾಳೆಯನ್ನು ಅಮ್ಮನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. "ಅಲ್ಲಿ ಮೊದಲೇ ಸರ್ ಹೆಸರು ಅಚ್ಚು ಹಾಕಿಬಿಟ್ಟಿದ್ದಾರೆ."

ಆಯಮ್ಮ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಹಿಂದೆ ಇನ್ನೂ ಒಂಬತ್ತು ಜನ ನಿಂತಿದ್ದರು. ಸರ್ ಗಡಿಯಾರ ನೋಡಿಕೊಂಡರು. ಆಯಮ್ಮ ಹೆಬ್ಬೆಟ್ಟು ಚಾಚಿದರು. ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಶಾಯಿಗೆ ಒತ್ತಿ, ಆಮೇಲೆ ಹಾಳೆಗೆ ಒತ್ತಿದಳು.